ಕರಾವಳಿಯಲ್ಲಿ ಕೂತು ಆನ್‌ಲೈನ್ ರೇಸಿಂಗ್: ಯಾವ ಸಿಮ್ ಯಾರಿಗೆ?

ಮಂಗಳೂರಿನಿಂದ ಜರ್ಮನಿಯ ಫ್ರಾಂಕ್‌ಫರ್ಟ್‌ಗೆ ನೇರ ಗೆರೆ ಎಳೆದರೆ ಸುಮಾರು 7,200 ಕಿಲೋಮೀಟರ್. ಇಂಟರ್ನೆಟ್ ಕೇಬಲಿನ ಗಾಜಿನ ಎಳೆಯೊಳಗೆ ಬೆಳಕು ಸೆಕೆಂಡಿಗೆ ಹೆಚ್ಚುಕಡಿಮೆ 2 ಲಕ್ಷ ಕಿಲೋಮೀಟರ್ ಓಡುತ್ತದೆ. ಹೋಗಿ ಬರಲಿಕ್ಕೆ ಏನಿಲ್ಲವೆಂದರೂ 72 ಮಿಲಿಸೆಕೆಂಡು ಬೇಕೇ ಬೇಕು. ಕೇಬಲ್ ಅಂತೂ ನೇರ ಹೋಗುವುದಿಲ್ಲ. ಮುಂಬೈಗೋ ಚೆನ್ನೈಗೋ ಹೋಗಿ ಸಮುದ್ರಕ್ಕಿಳಿದು, ಕೆಂಪು ಸಮುದ್ರ, ಈಜಿಪ್ಟ್, ಮೆಡಿಟರೇನಿಯನ್ ಎಂದು ಸುತ್ತು ಹಾಕಿಕೊಂಡು ಯುರೋಪ್ ಮುಟ್ಟುತ್ತದೆ. ಹಾಗಾಗಿ ನಮ್ಮ ಮನೆಗಳಿಂದ ಯುರೋಪಿನ ಸರ್ವರಿಗೆ 130ರಿಂದ 180ರವರೆಗೆ ಪಿಂಗ್ (ಸುದ್ದಿ ಹೋಗಿ ಬರಲು ಬೇಕಾದ ಮಿಲಿಸೆಕೆಂಡು) ಕಾಣುವುದು ಸಾಮಾನ್ಯ. 100 ಎಂಬಿಪಿಎಸ್ ಇದ್ದದ್ದನ್ನು 300 ಮಾಡಿಸಿದರೂ ಈ ಲೆಕ್ಕ ಬದಲಾಗುವುದಿಲ್ಲ. ಡೌನ್‌ಲೋಡ್ ಬೇಗ ಆದೀತು, ದೂರ ಕಡಿಮೆ ಆಗಲಾರದು.

ಪಿಸಿ ರೇಸಿಂಗ್ ಸಿಮ್ (ಸಿಮ್ಯುಲೇಟರ್, ನಿಜದ ಹಾಗೆ ಕಾರು ಓಡಿಸುವ ಆಟ) ಆರಿಸುವ ಮಾತು ಇಲ್ಲಿಂದಲೇ ಶುರುವಾಗಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಒಬ್ಬರೇ ಕೂತು ಲ್ಯಾಪ್ ಹಾಕುವುದಾದರೆ ಗ್ರಾಫಿಕ್ಸ್ ನೋಡಿ, ಟಯರಿನ ಫಿಸಿಕ್ಸ್ ನೋಡಿ, ಯಾವ ಕಾರು ಉಂಟು ಎಂದು ನೋಡಿ. ಆನ್‌ಲೈನ್ ಆಡುವವರು ಮೊದಲು ಕೇಳಬೇಕಾದ್ದು ಬೇರೆ: ನಿಮಗೆ ಬಿಡುವಾಗುವ ಹೊತ್ತಿಗೆ ಅಲ್ಲಿ ಜನ ಇರುತ್ತಾರಾ, ಇದ್ದವರು ಎಂಥವರು, ಸರ್ವರ್ ಎಷ್ಟು ದೂರದಲ್ಲುಂಟು. ಈ ಮೂರಕ್ಕೆ ಉತ್ತರ ಸಿಕ್ಕಿದರೆ ಸಿಮ್ ತನ್ನಷ್ಟಕ್ಕೇ ಆರಿಸಲ್ಪಡುತ್ತದೆ.

ಪಿಂಗ್ ಹೆಚ್ಚಿದ್ದರೆ ನಿಜಕ್ಕೂ ಏನಾಗುತ್ತದೆ

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. 150 ಪಿಂಗ್ ಎಂದ ಕೂಡಲೇ ಅನೇಕರು ಆಸೆ ಬಿಡುತ್ತಾರೆ, ಬಿಡುವ ಅಗತ್ಯ ಇಲ್ಲ.

ಇಟಲಿಯ ಮೊಂಜಾ ಟ್ರ್ಯಾಕಿನ ಮೊದಲ ಶಿಕೇನ್ (ವೇಗ ತಗ್ಗಿಸಲು ಹಾಕಿದ ಹಾವಿನಂಥ ತಿರುವು) ತೆಗೆದುಕೊಳ್ಳಿ. ನಿಮ್ಮ ಎದುರಿನ ಜಿಟಿ3 ಕಾರು (ರೇಸಿಗೆಂದು ಮಾರ್ಪಡಿಸಿದ ಸ್ಪೋರ್ಟ್ಸ್ ಕಾರು) ಗಂಟೆಗೆ 260 ಕಿಲೋಮೀಟರ್ ವೇಗದಲ್ಲಿ ಬ್ರೇಕಿಂಗ್ ಜಾಗಕ್ಕೆ ಬರುತ್ತಿದೆ. ನಿಮ್ಮ ಪಿಂಗ್ 150, ಅವನದ್ದು 20. ಅವನ ಸುದ್ದಿ ಸರ್ವರಿಗೆ ಬರಲು 10 ಮಿಲಿಸೆಕೆಂಡು, ಅಲ್ಲಿಂದ ನಿಮಗೆ ಮುಟ್ಟಲು 75. ಒಟ್ಟು 85 ಮಿಲಿಸೆಕೆಂಡು ಹಳೆಯ ಸುದ್ದಿ ನಿಮ್ಮ ಕೈಯಲ್ಲಿದೆ. ಅಷ್ಟರಲ್ಲಿ ಆ ಕಾರು 6 ಮೀಟರ್ ಮುಂದೆ ಹೋಗಿಯಾಗಿದೆ. ಅದು ಕಾರಿನ ಉದ್ದಕ್ಕಿಂತಲೂ ಜಾಸ್ತಿ. ಸಿಮ್ ಮಾಡುವುದೇನೆಂದರೆ, ಕಾರು ಇದೇ ವೇಗದಲ್ಲಿ ಇದೇ ದಿಕ್ಕಿಗೆ ಹೋಗುತ್ತಿರಬಹುದು ಎಂದು ಊಹಿಸಿ, ಅದನ್ನು ಆ 6 ಮೀಟರ್ ಮುಂದಕ್ಕೇ ತೋರಿಸುತ್ತದೆ. ನೇರ ರಸ್ತೆಯಲ್ಲಿ ಊಹೆ ತಪ್ಪುವುದಿಲ್ಲ. ಅವನು ಬ್ರೇಕ್ ಒತ್ತಿದ ಕ್ಷಣದಲ್ಲಿ ಮಾತ್ರ ತಪ್ಪುತ್ತದೆ. ಗಟ್ಟಿ ಬ್ರೇಕಿಂಗ್‌ನಲ್ಲಿ ಇಂಥ ಕಾರು ಪ್ರತಿ ಸೆಕೆಂಡಿಗೆ ಗಂಟೆಗೆ 70 ಕಿಲೋಮೀಟರ್ ಆಸುಪಾಸು ವೇಗ ಕಳೆದುಕೊಳ್ಳುತ್ತದೆ. ಆ ಲೆಕ್ಕದಲ್ಲಿ 85 ಮಿಲಿಸೆಕೆಂಡಿಗೆ ಊಹೆ ತಪ್ಪುವುದು 7 ಸೆಂಟಿಮೀಟರ್. ಒಂದು ಗೇಣೂ ಇಲ್ಲ.

ಈಗ ಇನ್ನೊಂದು ಸಂದರ್ಭ. ಪಿಂಗ್ ಬರೀ 30. ಆದರೆ ಮನೆಯ ವೈ-ಫೈ ನಡುವೆ ಅರ್ಧ ಸೆಕೆಂಡು ಕೈಕೊಟ್ಟಿತು. ಅದೇ ಲೆಕ್ಕ ಹಾಕಿ: ತಪ್ಪು ಎರಡೂವರೆ ಮೀಟರ್. ಖಾಲಿ ಕಾಣುತ್ತಿದ್ದ ಜಾಗದಲ್ಲಿ ಇದ್ದಕ್ಕಿದ್ದ ಹಾಗೆ ಒಂದು ಕಾರು. ಡಿಕ್ಕಿ ಖಂಡಿತ.

ಅಂದರೆ ದೂರಕ್ಕಿಂತ ದೊಡ್ಡ ಶತ್ರು ಅಸ್ಥಿರತೆ. ಹತ್ತು ನಿಮಿಷಕ್ಕೊಂದು ತಪ್ಪದೆ ಬರುವ ಉಡುಪಿ ಎಕ್ಸ್‌ಪ್ರೆಸ್ ಬಸ್ಸಿಗೆ ಯಾರು ಬೇಕಾದರೂ ಹೊಂದಿಕೊಳ್ಳುತ್ತಾರೆ. ಒಮ್ಮೆ ಎರಡು ಒಟ್ಟಿಗೆ ಬಂದು ಆಮೇಲೆ ಅರ್ಧ ಗಂಟೆ ಒಂದೂ ಇಲ್ಲದಿದ್ದರೆ ಕಾಯುವವರ ಗತಿ ಕಷ್ಟ. 150ರಲ್ಲಿ ಅಲುಗಾಡದೆ ನಿಂತ ಸಂಪರ್ಕದಲ್ಲಿ ಯುರೋಪಿನವರ ಜೊತೆ ಚೆಂದಕ್ಕೆ ರೇಸ್ ಮಾಡಬಹುದು. ಪಕ್ಕಪಕ್ಕದಲ್ಲಿ ತಿರುವಿಗೆ ಹೋಗುವಾಗ ಅರ್ಧ ಕಾರಿನಷ್ಟು ಜಾಗ ಹೆಚ್ಚು ಬಿಟ್ಟರೆ ಆಯಿತು. ಯಾವ ಸಿಮ್ ಕೊಳ್ಳುವುದಕ್ಕೂ ಮೊದಲು ವಿಂಡೋಸ್‌ನ ಕಮಾಂಡ್ ಪ್ರಾಂಪ್ಟ್ ತೆರೆದು ಒಂದು ಯುರೋಪಿನ ವಿಳಾಸಕ್ಕೂ ಒಂದು ಮುಂಬೈ ವಿಳಾಸಕ್ಕೂ 100 ಸಲ ಪಿಂಗ್ ಕಳುಹಿಸಿ. ಸರಾಸರಿ ಎಷ್ಟು ಎಂದು ನೋಡಬೇಡಿ, ಅತಿ ಹೆಚ್ಚು ಎಷ್ಟು, ಎಷ್ಟು ಕಳೆದುಹೋಯಿತು ಎಂದು ನೋಡಿ. ರಾತ್ರಿ 9 ಗಂಟೆಗೆ, ಇಡೀ ಕೇರಿ ಕ್ರಿಕೆಟ್ಟೋ ಸೀರಿಯಲ್ಲೋ ನೋಡುತ್ತಿರುವಾಗ ಮಾಡಿ. ಬೆಳಗ್ಗೆ 6ಕ್ಕೆ ಎಲ್ಲರ ಮನೆಯ ಇಂಟರ್ನೆಟ್ಟೂ ಚೆಂದ.

ಕೆಂಪು ಸಮುದ್ರದ ಮಾತು ಬಂತಲ್ಲ, ಅದನ್ನೂ ನೆನಪಿಡಿ. 2024ರ ಫೆಬ್ರುವರಿಯಲ್ಲಿ ಒಮ್ಮೆ, 2025ರ ಸೆಪ್ಟೆಂಬರಿನಲ್ಲಿ ಇನ್ನೊಮ್ಮೆ ಅಲ್ಲಿನ ಕೇಬಲ್‌ಗಳು ತುಂಡಾದವು. ಅಂಥ ಹೊತ್ತಿನಲ್ಲಿ ಡೇಟಾ ಬೇರೆ ದಾರಿ ಹಿಡಿಯುತ್ತದೆ, ಯುರೋಪಿನ ಪಿಂಗ್ ಏರುತ್ತದೆ. ನಿಮ್ಮ ರೂಟರನ್ನು ಬೈದು ಪ್ರಯೋಜನ ಇಲ್ಲ.

ಗಡಿಯಾರದ ಲೆಕ್ಕ

ಯುರೋಪಿನವರು ಊಟ ಮುಗಿಸಿ ಚಕ್ರ ಹಿಡಿಯುವುದು ಅವರ ರಾತ್ರಿ 8ಕ್ಕೆ. ಬೇಸಿಗೆಯಲ್ಲಿ ಅದು ನಮ್ಮ ರಾತ್ರಿ 11:30, ಚಳಿಗಾಲದಲ್ಲಿ 12:30. ಆಸ್ಟ್ರೇಲಿಯಾದ ಪೂರ್ವ ಕರಾವಳಿಯ ರಾತ್ರಿ 8 ನಮ್ಮ ಮಧ್ಯಾಹ್ನ 3:30. ನಾವು ಕೆಲಸ ಮುಗಿಸಿ, ಮಿಂದು, ಊಟ ಮಾಡಿ 9ಕ್ಕೆ ಕೂತರೆ ಯುರೋಪಿನವರು ಇನ್ನೂ ಆಫೀಸಿನಿಂದ ಹೊರಡುತ್ತಿರುತ್ತಾರೆ, ಅಮೆರಿಕದವರಿಗೆ ಬೆಳಗ್ಗೆ. ವಾರದ ದಿನಗಳಲ್ಲಿ 9ರಿಂದ 11ರವರೆಗೆ ಆಡುವವರಿಗೆ ಜನ ತುಂಬಿದ ಸಿಮ್ ಬೇಕು. ಶನಿವಾರ, ಆದಿತ್ಯವಾರ ಈ ತೊಂದರೆ ಅಷ್ಟಿಲ್ಲ. ಒಂದು ಸಿಮ್‌ನಲ್ಲಿ ಒಟ್ಟು ಎಷ್ಟು ಜನ ಎಂಬ ಅಂಕಿ ನೋಡಿ ಮರುಳಾಗಬೇಡಿ. ನಿಮ್ಮ 9 ಗಂಟೆಗೆ ಎಷ್ಟು ಜನ ಎಂಬುದೇ ಪ್ರಶ್ನೆ.

ಐರೇಸಿಂಗ್: ದುಬಾರಿ, ಆದರೆ ಶಿಸ್ತಿನ ಮನೆ

ಡೇವ್ ಕೆಮ್ಮರ್ ಮತ್ತು ಜಾನ್ ಹೆನ್ರಿ ಕಟ್ಟಿದ ಈ ಸೇವೆ 2008ರಲ್ಲಿ ಸಾರ್ವಜನಿಕರಿಗೆ ತೆರೆಯಿತು. ಅಂದಿನಿಂದಲೂ ಇದು ಆನ್‌ಲೈನ್ ರೇಸಿಗೆಂದೇ ಕಟ್ಟಿದ ಸಿಮ್. 2020ರಲ್ಲಿ ಕೋವಿಡ್‌ನಿಂದ ನಿಜವಾದ ರೇಸ್ ನಿಂತಾಗ ನಾಸ್ಕಾರ್ ಚಾಲಕರು ಇದರಲ್ಲೇ ರೇಸ್ ಮಾಡಿ ಅಮೆರಿಕದ ಟಿವಿಯಲ್ಲಿ ಪ್ರಸಾರವಾದದ್ದು ಹಲವರಿಗೆ ನೆನಪಿರಬಹುದು.

ನಿಜವಾದ ಹೆಸರಿನಲ್ಲೇ ರೇಸ್ ಮಾಡಬೇಕು. ರೂಕಿಯಿಂದ (ಹೊಸಬರ ಹಂತ) ಶುರುವಾಗಿ ಡಿ, ಸಿ, ಬಿ, ಎ ಎಂದು ಲೈಸೆನ್ಸ್ ಮೇಲೇರುತ್ತದೆ. ವೇಗಕ್ಕೆ ಒಂದು ಅಂಕ, ಸುರಕ್ಷತೆಗೆ ಬೇರೆಯೇ ಅಂಕ. ಟ್ರ್ಯಾಕ್ ಬಿಟ್ಟರೆ 1 ಪಾಯಿಂಟ್, ಹಿಡಿತ ತಪ್ಪಿದರೆ 2, ಇನ್ನೊಬ್ಬರಿಗೆ ಜೋರಾಗಿ ತಾಗಿದರೆ 4. ಯಾರ ತಪ್ಪು ಎಂದು ಯಂತ್ರ ಕೇಳುವುದಿಲ್ಲ, ತಾಗಿದ ಇಬ್ಬರಿಗೂ ಪಾಯಿಂಟ್ ಬೀಳುತ್ತದೆ. ಹೊಸಬರಿಗೆ ಇದು ಅನ್ಯಾಯ ಅನಿಸುತ್ತದೆ. ನನ್ನ ಮಟ್ಟಿಗೆ ಐರೇಸಿಂಗ್‌ನ ಅತ್ಯುತ್ತಮ ನಿರ್ಧಾರ ಇದೇ. ತಪ್ಪು ನನ್ನದಲ್ಲದಿದ್ದರೂ ನಷ್ಟ ನನಗೂ ಉಂಟು ಎಂದು ಗೊತ್ತಿದ್ದಾಗ, ಪಕ್ಕದವನು ತಪ್ಪು ಮಾಡಬಹುದಾದ ಜಾಗಕ್ಕೆ ನುಗ್ಗುವುದನ್ನೇ ಜನ ಬಿಡುತ್ತಾರೆ. ದೂರದ ಸರ್ವರಿನಲ್ಲಿ ಓಡಿಸುವ ನಮಗೆ ಇಂಥ ನೆರೆಹೊರೆ ಬಹಳ ದೊಡ್ಡ ಅನುಕೂಲ. ಬೇಕೆಂದೇ ಗುದ್ದಿದವರ ಮೇಲೆ ದೂರು ಕೊಟ್ಟರೆ ರಿಪ್ಲೇ ನೋಡಿ ತೀರ್ಮಾನ ಕೊಡುವ ಮನುಷ್ಯರೂ ಇದ್ದಾರೆ.

ಹಗಲು ರಾತ್ರಿ ಎನ್ನದೆ ಜನ ಸಿಗುವ ಸಿಮ್ ಎಂದರೆ ಇದೇ. ನಮ್ಮ 9 ಗಂಟೆಗೂ ಮಜ್ದಾ ಎಂಎಕ್ಸ್-5 ರೂಕಿ ರೇಸಿಗೆ ಗ್ರಿಡ್ (ಸ್ಟಾರ್ಟಿಗೆ ನಿಲ್ಲುವ ಕಾರುಗಳ ಸಾಲು) ತುಂಬುತ್ತದೆ. ಜಾಸ್ತಿ ಜನ ಸೇರಿದರೆ ಸಮಾನ ವೇಗದವರನ್ನು ಒಟ್ಟು ಮಾಡಿ ಬೇರೆಬೇರೆ ಸ್ಪ್ಲಿಟ್ ಮಾಡುತ್ತದೆ. ನೀವು 12ನೇ ಸ್ಥಾನಕ್ಕೆ ಹೋರಾಡುತ್ತಿದ್ದರೂ ಹಿಂದೆ ಮುಂದೆ ನಿಮ್ಮಂಥವರೇ ಇರುತ್ತಾರೆ. ಅದರ ಸುಖವೇ ಬೇರೆ.

ಇನ್ನು ಹಣ. ಚಂದಾ ತಿಂಗಳಿಗೆ ಸುಮಾರು 13 ಡಾಲರ್. ಜೊತೆಗೆ ಬರುವ ಕಾರು, ಟ್ರ್ಯಾಕ್ ಮುಗಿದ ಮೇಲೆ ಪ್ರತಿ ಹೊಸ ಕಾರಿಗೆ 12 ಡಾಲರ್ ಹತ್ತಿರ, ಟ್ರ್ಯಾಕಿಗೆ 12ರಿಂದ 15. ಒಂದು ಸೀಸನ್ 12 ವಾರ, ವಾರಕ್ಕೊಂದು ಟ್ರ್ಯಾಕ್. ಚಂದಾ ನಿಂತರೆ ದುಡ್ಡು ಕೊಟ್ಟು ಕೊಂಡ ಕಾರೂ ಓಡುವುದಿಲ್ಲ. ವಾರಕ್ಕೆ ಮೂರು ರಾತ್ರಿಯಾದರೂ ಕೂರುವವರಾದರೆ ಈ ಹಣಕ್ಕೆ ಬೆಲೆ ಉಂಟು. ತಿಂಗಳಿಗೆರಡು ಸಲ ಆಡುವವರು ಇದನ್ನು ಹಾಕಿಸಿಕೊಳ್ಳಬೇಡಿ. ಹಾಕಿಸಿಕೊಳ್ಳುವುದಾದರೆ ನವೆಂಬರ್ ಕೊನೆಯ ಬ್ಲ್ಯಾಕ್ ಫ್ರೈಡೇ ಕಡಿತಕ್ಕೆ ಕಾಯಿರಿ. ಮೊದಲ ಸೀಸನ್ ಏನನ್ನೂ ಕೊಳ್ಳದೆ, ಕೊಟ್ಟ ಎಂಎಕ್ಸ್-5ರಲ್ಲೇ ಓಡಿಸಿ. ಅದರಲ್ಲಿ ಕಲಿಯುವುದು ಮುಗಿಯುವುದಿಲ್ಲ.

ಎಸಿಸಿ: ಒಮ್ಮೆ ಕೊಟ್ಟ ದುಡ್ಡಿಗೆ ಜಿಟಿ3

ಇಟಲಿಯ ಕೂನೋಸ್ ಸಿಮುಲಾಟ್ಸಿಯೋನಿಯ ಅಸೆಟ್ಟೊ ಕೊರ್ಸಾ ಕಾಂಪೆಟಿಜಿಯೋನೆ, ಎಲ್ಲರ ಬಾಯಲ್ಲಿ ಎಸಿಸಿ, 2019ರ ಮೇ ತಿಂಗಳಲ್ಲಿ ಪೂರ್ಣ ರೂಪದಲ್ಲಿ ಬಂತು. ಮುಖ್ಯವಾಗಿ ಜಿಟಿ3, ಆಮೇಲೆ ಸೇರಿದ, ಅದಕ್ಕಿಂತ ನಿಧಾನದ ಜಿಟಿ4. ಫಾರ್ಮುಲಾ ಕಾರು ಬೇಕು, ಹಳೆಯ ಫೆರಾರಿ ಬೇಕು ಎನ್ನುವವರಿಗೆ ಇದಲ್ಲ. ಆದರೆ ಮಾಡಿದ್ದನ್ನು ಚೆನ್ನಾಗಿ ಮಾಡಿದ್ದಾರೆ. ಮಳೆ ಬಂದರೆ ಟ್ರ್ಯಾಕಿನ ತಗ್ಗಿನಲ್ಲಿ ನೀರು ನಿಲ್ಲುತ್ತದೆ. ಮಳೆ ನಿಂತ ಮೇಲೆ ಕಾರುಗಳು ಓಡಿದ ಗೆರೆ ಮೊದಲು ಒಣಗುತ್ತದೆ, ಪಕ್ಕ ಒದ್ದೆಯೇ ಉಳಿಯುತ್ತದೆ. ಜೂನ್‌ನಲ್ಲಿ ಪಡುಬಿದ್ರಿ ಕಡೆ ಗಾಡಿ ಓಡಿಸಿದವರಿಗೆ ಇದರ ಮರ್ಮ ತಕ್ಷಣ ಹಿಡಿಸುತ್ತದೆ.

ಇದರ ಸಾರ್ವಜನಿಕ ಲಾಬಿಗಳಲ್ಲಿ (ಯಾರು ಬೇಕಾದರೂ ಸೇರುವ ರೇಸುಗಳಲ್ಲಿ) ಮೊದಲ ತಿರುವಿಗೇ ಅರ್ಧ ಗ್ರಿಡ್ ಚೆಲ್ಲಾಪಿಲ್ಲಿ ಆಗುವುದು ಮಾಮೂಲು. ಎಸಿಸಿಯ ನಿಜವಾದ ರುಚಿ ಸಿಗುವುದು ಲೋ ಫ್ಯುಯೆಲ್ ಮೋಟಾರ್‌ಸ್ಪೋರ್ಟ್‌ನಲ್ಲಿ. ಇದು ಹೊರಗಿನವರು ನಡೆಸುವ ಉಚಿತ ವ್ಯವಸ್ಥೆ. ನಿಗದಿತ ಹೊತ್ತಿಗೆ ರೇಸ್, ವೇಗಕ್ಕೂ ಸುರಕ್ಷತೆಗೂ ರೇಟಿಂಗ್, ಐರೇಸಿಂಗ್‌ನ ಹಾಗೆಯೇ ಸ್ಪ್ಲಿಟ್. ಹುಟ್ಟಿದ್ದು ಯುರೋಪಿನಲ್ಲಿ, ಜನ ಹೆಚ್ಚಿರುವುದೂ ಅಲ್ಲಿನ ಸಂಜೆಗೆ. ಹಾಗಾಗಿ ರಾತ್ರಿ 11ರ ನಂತರ ಎಚ್ಚರ ಇರುವವರಿಗೆ, ಮರುದಿನ ರಜೆ ಇರುವವರಿಗೆ ಎಸಿಸಿಗಿಂತ ಒಳ್ಳೆಯ ಬೆಲೆಗೆ ಒಳ್ಳೆಯ ರೇಸ್ ಇನ್ನೊಂದಿಲ್ಲ. ಸ್ಟೀಮ್‌ನಲ್ಲಿ ಬೇಸಿಗೆ ಸೇಲ್, ಚಳಿಗಾಲದ ಸೇಲ್ ಹೊತ್ತಿಗೆ ರೂಪಾಯಿಯಲ್ಲೇ, ಯುಪಿಐ ಮೂಲಕವೇ ಕೊಳ್ಳಬಹುದು. ಮೂಲ ಆಟದಲ್ಲಿ ಮೊಂಜಾ, ಸ್ಪಾ, ಸಿಲ್ವರ್‌ಸ್ಟೋನ್, ಬಾರ್ಸಿಲೋನಾ ಎಲ್ಲ ಇವೆ. ಹೆಚ್ಚುವರಿ ಪ್ಯಾಕ್‌ಗಳಿಗೆ ಅವಸರ ಬೇಡ.

ಪಿಸಿ ಮಾತ್ರ ಸ್ವಲ್ಪ ಗಟ್ಟಿ ಇರಬೇಕು. 25–30 ಕಾರುಗಳ ಗ್ರಿಡ್, ಮಳೆ, ರಾತ್ರಿ ಎಲ್ಲ ಸೇರಿದರೆ ಹಳೆಯ ಗ್ರಾಫಿಕ್ಸ್ ಕಾರ್ಡ್ ಏದುಸಿರು ಬಿಡುತ್ತದೆ. ಒಬ್ಬರೇ ಓಡಿಸುವಾಗ ಚೆನ್ನಾಗಿ ಓಡಿತು ಎಂದು ನಂಬಬೇಡಿ, ಪೂರ್ತಿ ಗ್ರಿಡ್‌ನ ಹಿಂದಿನ ಸ್ಥಾನದಿಂದ ಸ್ಟಾರ್ಟ್ ಮಾಡಿ ಫ್ರೇಮ್ (ಸೆಕೆಂಡಿಗೆ ಮೂಡುವ ಚಿತ್ರಗಳ ಸಂಖ್ಯೆ) ಎಷ್ಟು ಬೀಳುತ್ತದೆ ಎಂದು ಪರೀಕ್ಷಿಸಿ.

ಲೆ ಮಾನ್ಸ್ ಅಲ್ಟಿಮೇಟ್

2024ರ ಫೆಬ್ರುವರಿಯಲ್ಲಿ ಅರ್ಲಿ ಆಕ್ಸೆಸ್‌ಗೆ (ಪೂರ್ತಿ ಮುಗಿಯುವ ಮೊದಲೇ ಮಾರುವ ರೂಪ) ಬಂದು, 2025ರ ಜುಲೈಯಲ್ಲಿ 1.0 ಆಯಿತು. ವಿಶ್ವ ಎಂಡ್ಯೂರೆನ್ಸ್ ಚಾಂಪಿಯನ್‌ಶಿಪ್‌ನ ಅಧಿಕೃತ ಆಟ. ಹೈಪರ್‌ಕಾರ್ ಮತ್ತು ಜಿಟಿ3 ಒಂದೇ ಟ್ರ್ಯಾಕಿನಲ್ಲಿ ಓಡುವಾಗ ಹಿಂದಿನಿಂದ ಬರುವ ವೇಗದ ಕಾರಿಗೆ ಎಲ್ಲಿ ದಾರಿ ಬಿಡಬೇಕು, ಎಲ್ಲಿ ನಮ್ಮ ಗೆರೆ ಹಿಡಿದಿರಬೇಕು ಎಂಬ ಲೆಕ್ಕಾಚಾರವೇ ಒಂದು ಆಟ. ಕೈಯಲ್ಲಿನ ಸ್ಟಿಯರಿಂಗಿಗೆ ಬರುವ ಟಯರಿನ ಸ್ಪರ್ಶ ನನಗೆ ಎಸಿಸಿಗಿಂತ ಹೆಚ್ಚು ಹಿಡಿಸಿತು.

ಇದರ ಬೇರು ಆರ್‌ಫ್ಯಾಕ್ಟರ್ 2 ಎಂಬ ಹಳೆಯ ಸಿಮ್. ಆ ಆರ್‌ಫ್ಯಾಕ್ಟರ್ 2ರಲ್ಲೇ 2023ರ ಜನವರಿಯ ವರ್ಚುವಲ್ ಲೆ ಮಾನ್ಸ್ ನಡೆದಿತ್ತು, ಮುಂದಿದ್ದ ಫಾರ್ಮುಲಾ 1 ಚಾಲಕ ಮ್ಯಾಕ್ಸ್ ವರ್ಸ್ಟಪ್ಪನ್ ಸರ್ವರ್ ಸಂಪರ್ಕ ಕಡಿದು ರೇಸ್ ಕಳೆದುಕೊಂಡಿದ್ದರು. ಆಮೇಲೆ ಆನ್‌ಲೈನ್ ಭಾಗದ ಮೇಲೆ ತುಂಬ ಕೆಲಸ ಆಗಿದೆ. ಹೊಸಬರಿಗೆ ದಿನದ ರೇಸ್‌ಗಳು ಮೇಲಿಂದ ಮೇಲೆ ನಡೆಯುತ್ತವೆ. ಈಗಾಗಲೇ ಎಸಿಸಿ ಓಡಿಸಿ ಪಳಗಿದವರು ಮುಂದಿನ ಹೆಜ್ಜೆಗೆ ಇದನ್ನು ನೋಡಿ. ಮೊದಲ ಸಿಮ್ ಆಗಿ ಬೇಡ.

ಹಳೆಯ ಅಸೆಟ್ಟೊ ಕೊರ್ಸಾ ಮತ್ತು ನಮ್ಮದೇ ಸರ್ವರ್

ಇಲ್ಲಿ ನಾನು ಹೆಚ್ಚು ಹೊತ್ತು ನಿಲ್ಲುತ್ತೇನೆ, ಕರಾವಳಿಯವರಿಗೆ ಅತಿ ಹೆಚ್ಚು ಸುಖ ಕೊಡುವ ದಾರಿ ಇದೇ ಎಂದು ನಂಬಿದ್ದೇನೆ.

2014ರ ಕೊನೆಗೆ ಬಂದ ಅಸೆಟ್ಟೊ ಕೊರ್ಸಾ ಸೇಲ್‌ನಲ್ಲಿ ತೀರಾ ಅಗ್ಗಕ್ಕೆ ಸಿಗುತ್ತದೆ, ಹಳೆಯ ಪಿಸಿಯಲ್ಲೂ ಓಡುತ್ತದೆ. ಕಾಂಟೆಂಟ್ ಮ್ಯಾನೇಜರ್, ಕಸ್ಟಮ್ ಶೇಡರ್ಸ್ ಪ್ಯಾಚ್ ಎಂಬ ಹೆಚ್ಚುವರಿ ತಂತ್ರಾಂಶ ಹಾಕಿಕೊಂಡರೆ ಹತ್ತು ವರ್ಷ ಹಳೆಯದು ಎಂದು ಯಾರೂ ಹೇಳರು. ಜನ ತಾವೇ ಮಾಡಿ ಹಂಚಿದ ಕಾರು, ಟ್ರ್ಯಾಕುಗಳಿಗೆ ಲೆಕ್ಕವಿಲ್ಲ. ಅದರ ಸಾರ್ವಜನಿಕ ಸರ್ವರ್‌ಗಳಲ್ಲಿ ಈಗ ಹೆಚ್ಚಿನ ಗದ್ದಲ ಇರುವುದು ಹೆದ್ದಾರಿ ಟ್ರಾಫಿಕ್ ನಡುವೆ ನುಸುಳುವ ಆಟಕ್ಕೆ. ಹುಡುಗರಿಗೆ ಇಷ್ಟ, ಆದರೆ ರೇಸ್ ಕಲಿಯುವ ಜಾಗ ಅದಲ್ಲ. ಇದರ ಬಲ ಬೇರೆ ಕಡೆ ಉಂಟು: ಗೊತ್ತಿರುವ ಆರೆಂಟು ಜನ ಸೇರಿ ತಮ್ಮದೇ ಸರ್ವರ್ ಹಾಕಿಕೊಳ್ಳುವುದು.

ಸರ್ವರ್ ತಂತ್ರಾಂಶ ಆಟದ ಜೊತೆಗೇ ಉಚಿತವಾಗಿ ಬರುತ್ತದೆ. ಸುಮ್ಮನೆ ನಿಮ್ಮ ಮನೆಯ ಪಿಸಿಯಲ್ಲೇ ಓಡಿಸಬಹುದು ಎಂದು ಕಾಣುತ್ತದೆ. ಯುಡಿಪಿ ಮತ್ತು ಟಿಸಿಪಿ 9600, ಜೊತೆಗೆ ಎಚ್‌ಟಿಟಿಪಿ 8081, ಈ ಪೋರ್ಟುಗಳನ್ನು ರೂಟರಿನಲ್ಲಿ ತೆರೆದರಾಯಿತು. ತೊಂದರೆ ಏನೆಂದರೆ, ಈಗ ಅನೇಕ ಮನೆ ಸಂಪರ್ಕಗಳಿಗೆ ಸ್ವಂತ ಐಪಿ ವಿಳಾಸ ಕೊಡುವುದಿಲ್ಲ. ನೂರಾರು ಮನೆಗಳನ್ನು ಒಂದೇ ವಿಳಾಸದ ಹಿಂದೆ ಕೂರಿಸಿರುತ್ತಾರೆ. ಅಂಥಲ್ಲಿ ಪೋರ್ಟ್ ತೆರೆದರೂ ಹೊರಗಿನವರು ಒಳಗೆ ಬರಲಾರರು. ರೂಟರಿನ ಪುಟದಲ್ಲಿ ಕಾಣುವ ಡಬ್ಲ್ಯುಎಎನ್ ವಿಳಾಸ 100.64ರಿಂದ 100.127ರ ನಡುವೆ ಇದ್ದರೆ ನಿಮ್ಮದೂ ಅದೇ ಕಥೆ. ಕಂಪನಿಗೆ ಹೇಳಿ ಸ್ಟ್ಯಾಟಿಕ್ ಐಪಿ ತೆಗೆದುಕೊಳ್ಳಬಹುದು, ಅಥವಾ ಎಲ್ಲರೂ ಟೈಲ್‌ಸ್ಕೇಲ್‌ನಂಥ ಉಚಿತ ವಿಪಿಎನ್ ಹಾಕಿಕೊಂಡು ಒಂದೇ ಮನೆಯ ನೆಟ್‌ವರ್ಕ್‌ನಲ್ಲಿದ್ದ ಹಾಗೆ ಆಡಬಹುದು.

ನನ್ನ ಸಲಹೆ ಮೂರನೆಯದು: ಮುಂಬೈ ಡೇಟಾ ಸೆಂಟರಿನಲ್ಲಿ ಒಂದು ಚಿಕ್ಕ ಬಾಡಿಗೆ ಸರ್ವರ್. 1 ಜಿಬಿ ಮೆಮೊರಿ ಇದ್ದರೆ ಹತ್ತು ಹನ್ನೆರಡು ಕಾರಿಗೆ ಸಾಕು, ಸರ್ವರಿಗೆ ಗ್ರಾಫಿಕ್ಸ್ ಕೆಲಸವೇ ಇಲ್ಲ. ತಿಂಗಳಿಗೆ ಕೆಲವು ನೂರು ರೂಪಾಯಿ ಆದೀತು, ಎಂಟು ಜನ ಹಂಚಿಕೊಂಡರೆ ಒಂದು ಗಡ್‌ಬಡ್‌ನ ದುಡ್ಡೂ ಇಲ್ಲ. ಮಂಗಳೂರಿನಿಂದ ಮುಂಬೈ ನೇರ ಗೆರೆಯಲ್ಲಿ 700 ಕಿಲೋಮೀಟರ್ ಆಸುಪಾಸು, ಒಳ್ಳೆಯ ಫೈಬರ್‌ನಲ್ಲಿ ಪಿಂಗ್ 20–40ರ ಒಳಗೆ ನಿಲ್ಲುತ್ತದೆ. ಬೆಂಗಳೂರಿಗೆ ಕೆಲಸಕ್ಕೆ ಹೋದ ಗೆಳೆಯನಿಗೂ ಹೆಚ್ಚುಕಡಿಮೆ ಅಷ್ಟೇ. ನಮ್ಮ ಅರ್ಧ ಬಂಧುಬಳಗ ಇರುವುದು ಕೊಲ್ಲಿಯಲ್ಲಿ. ದುಬೈ ನಮಗಿಂತ ಒಂದೂವರೆ ಗಂಟೆ ಹಿಂದೆ, ಮುಂಬೈಗೆ ಸಮುದ್ರದಡಿಯ ದಾರಿಯೂ ಹತ್ತಿರ. ನಮ್ಮ ರಾತ್ರಿ 10 ಎಂದರೆ ಅಲ್ಲಿ 8:30. ಭಾವ ಅಲ್ಲಿಂದ, ತಂಗಿ ಮಣಿಪಾಲದಿಂದ, ನೀವು ಸುರತ್ಕಲ್‌ನಿಂದ ಒಂದೇ ಗ್ರಿಡ್‌ನಲ್ಲಿ. ಡಿಸ್ಕಾರ್ಡ್‌ನಲ್ಲಿ ತುಳುವಿನಲ್ಲಿ ಮಾತಾಡುತ್ತಾ, ‘ಎಡತ್ತ ಬಲತ್ತ’ ಹೇಳುತ್ತಾ ಹತ್ತು ಲ್ಯಾಪ್. ಜಗತ್ತಿನ ಯಾವ ರೇಟಿಂಗ್ ವ್ಯವಸ್ಥೆಯೂ ಈ ಖುಷಿ ಕೊಡಲಾರದು.

ಒಂದು ಎಚ್ಚರಿಕೆ. ಸರ್ವರಿನ ಕಾರು, ಟ್ರ್ಯಾಕಿನ ಫೈಲು ಎಲ್ಲರ ಪಿಸಿಯಲ್ಲೂ ಒಂದೇ ಇರಬೇಕು, ಒಂದಕ್ಷರ ವ್ಯತ್ಯಾಸವಾದರೂ ಚೆಕ್‌ಸಮ್ (ಫೈಲು ಒಂದೇ ಎಂದು ತಾಳೆ ನೋಡುವ ಸಂಖ್ಯೆ) ಹೊಂದದೆ ಹೊರಗೆ ಹಾಕುತ್ತದೆ. ಒಬ್ಬರು ಜವಾಬ್ದಾರಿ ಹೊತ್ತು ಒಂದು ಫೋಲ್ಡರ್ ಮಾಡಿ ಎಲ್ಲರಿಗೂ ಹಂಚಲಿ. ಶುರುವಿಗೆ ಆಟದೊಂದಿಗೆ ಬರುವ ಕಾರುಗಳಲ್ಲೇ ಆಡಿ, ಅರ್ಧ ತಲೆನೋವು ಅಲ್ಲಿಗೆ ಕಡಿಮೆ. ಕಡಿಮೆ ಶಕ್ತಿಯ ಒಂದೇ ಕಾರು ಎಲ್ಲರಿಗೂ ಕೊಟ್ಟರೆ ರೇಸ್ ಹತ್ತಿರವಾಗುತ್ತದೆ. ಆರು ಜನರಿಗೆ ಆರು ಸೂಪರ್‌ಕಾರ್ ಕೊಟ್ಟರೆ ಮೂರನೇ ಲ್ಯಾಪಿಗೆ ಎಲ್ಲರೂ ಒಂಟಿ.

ಇದರ ಹೊಸ ರೂಪ ಅಸೆಟ್ಟೊ ಕೊರ್ಸಾ ಇವೋ 2025ರ ಜನವರಿಯಲ್ಲಿ ಅರ್ಲಿ ಆಕ್ಸೆಸ್‌ಗೆ ಬಂದಿದೆ. ಕಾರು ಓಡಿಸುವ ಸುಖಕ್ಕೆ ಕೊಳ್ಳಿ. ಆನ್‌ಲೈನ್ ಲೀಗ್ ಕಟ್ಟಲಿಕ್ಕೆ ಹಳೆಯದೇ ಸದ್ಯಕ್ಕೆ ಭರವಸೆಯದು.

ಪಿಂಗ್ ಕೆಟ್ಟದ್ದೇ? ರ‍್ಯಾಲಿಗೆ ಬನ್ನಿ

ಹಾಸ್ಟೆಲ್ ವೈ-ಫೈಯಲ್ಲಿ ಇರುವವರು, ಮೊಬೈಲ್ ಹಾಟ್‌ಸ್ಪಾಟ್ ಬಿಟ್ಟರೆ ಬೇರೆ ಗತಿಯಿಲ್ಲದ ಊರಿನವರು ಇದನ್ನು ಗಮನವಿಟ್ಟು ಓದಿ. ರ‍್ಯಾಲಿಯಲ್ಲಿ ಸ್ಪರ್ಧೆ ಗಡಿಯಾರದ ಜೊತೆ. ಪಕ್ಕದಲ್ಲಿ ಇನ್ನೊಂದು ಕಾರು ಇರುವುದಿಲ್ಲ, ನಿಮ್ಮ ಸಮಯ ಮಾತ್ರ ಸರ್ವರಿಗೆ ಹೋಗುತ್ತದೆ. ಪಿಂಗ್ 300 ಇದ್ದರೂ ಒಂದು ಸೆಕೆಂಡಿನ ನೂರನೇ ಒಂದು ಭಾಗವೂ ನಷ್ಟವಿಲ್ಲ.

2004ರ ರಿಚರ್ಡ್ ಬರ್ನ್ಸ್ ರ‍್ಯಾಲಿಯನ್ನು ಅಭಿಮಾನಿಗಳು ಇಂದಿಗೂ ಜೀವಂತ ಇಟ್ಟಿದ್ದಾರೆ. ಹಂಗೇರಿಯ ರ‍್ಯಾಲಿಸಿಮ್‌ಫ್ಯಾನ್ಸ್ ಗುಂಪಿನ ಇನ್‌ಸ್ಟಾಲರ್‌ನಲ್ಲಿ ಕಾರು, ಸ್ಟೇಜು, ಆನ್‌ಲೈನ್ ರ‍್ಯಾಲಿ ಎಲ್ಲ ಉಚಿತವಾಗಿ ಬರುತ್ತದೆ. ಆನ್‌ಲೈನ್ ರ‍್ಯಾಲಿಗೆ ಹಲವು ದಿನಗಳ ಅವಧಿ ಇರುತ್ತದೆ, ನಿಮಗೆ ಬಿಡುವಾದಾಗ ಓಡಿಸಿದರಾಯಿತು, ಯುರೋಪಿನ ಗಡಿಯಾರದ ಹಂಗೂ ಇಲ್ಲ. ಸಿಂಗಲ್‌-ಕೋರ್ ಪಿಸಿಗಳ ಕಾಲದ ಆಟ, ಮಾಮೂಲು ಲ್ಯಾಪ್‌ಟಾಪ್ ಸಾಕು. ಕಷ್ಟ ಮಾತ್ರ ಜಾಸ್ತಿ. ಮೊದಲ ಸ್ಟೇಜಿನಲ್ಲಿ ಮರಕ್ಕೆ ಹೊಡೆಯದೆ ಕೊನೆ ಮುಟ್ಟುವುದೇ ಸಾಧನೆ. ಘಟ್ಟದ ಬುಡದಲ್ಲಿ ಹುಟ್ಟಿ, ಚಿಕ್ಕಮಗಳೂರಿನ ಕಾಫಿ ತೋಟದ ರ‍್ಯಾಲಿ ನೋಡಿ ಬೆಳೆದವರಿಗೆ ಇದು ಹಿಡಿಸದೆ ಇರಲಾರದು. ಆಗುಂಬೆ, ಚಾರ್ಮಾಡಿ ತಿರುವುಗಳಲ್ಲಿ ರಾತ್ರಿ ಬೈಕು ಹಾರಿಸುವ ಹುಡುಗರ ಕೈಗೆ ಯಾರಾದರೂ ಇದನ್ನು ಕೊಡಬೇಕು ಎಂದು ನನಗೆ ಬಹಳ ಆಸೆ.

ಉಳಿದವು ಚುಟುಕಾಗಿ. ರೇಸ್‌ರೂಮ್ ಮೂಲ ರೂಪದಲ್ಲಿ ಉಚಿತ, ಶಬ್ದ ಅದ್ಭುತ, ಸಾಧಾರಣ ಪಿಸಿಗೆ ಒಳ್ಳೆಯದು; ಆದರೆ ನಮ್ಮ ಹೊತ್ತಿಗೆ ಗ್ರಿಡ್ ತುಂಬುವುದು ಕಷ್ಟ. ಬ್ರೆಜಿಲ್‌ನ ಆಟೊಮೊಬಿಲಿಸ್ಟಾ 2 ಒಂಟಿಯಾಗಿ ಆಡಲು ತುಂಬ ಇಷ್ಟ, ಗೆಳೆಯರ ಖಾಸಗಿ ಲಾಬಿಗೂ ಸರಿ, ಅಪರಿಚಿತರ ಜೊತೆಗಿನ ರೇಸಿಗಾಗಿ ಕೊಳ್ಳಬೇಡಿ. ಗ್ರ್ಯಾನ್ ಟುರಿಸ್ಮೊ ಕೇಳುವವರಿಗೆ: ಅದು ಪ್ಲೇಸ್ಟೇಷನ್‌ನದ್ದು, ಪಿಸಿಗೆ ಇಲ್ಲ.

ಮನೆಯೊಳಗಿನ ಸಿದ್ಧತೆ

ಕೆಂಪುಕಲ್ಲಿನ ದಪ್ಪ ಗೋಡೆ ವೈ-ಫೈಯನ್ನು ಕುಡಿದುಬಿಡುತ್ತದೆ. ಚಾವಡಿಯ ರೂಟರಿನಿಂದ ಕೋಣೆಗೆ ಎರಡು ಗೋಡೆ ದಾಟಿ ಬಂದ ಸಿಗ್ನಲ್‌ನಲ್ಲಿ ಯೂಟ್ಯೂಬ್ ಓಡೀತು, ರೇಸ್ ಓಡದು. ಒಂದು ಕ್ಯಾಟ್6 ಕೇಬಲ್ ಎಳೆಸಿ. ಹೊಸ ಸ್ಟಿಯರಿಂಗಿಗಿಂತ ಮೊದಲು ಆಗಬೇಕಾದ ಖರ್ಚು ಇದು.

ಕರೆಂಟು ಇನ್ನೊಂದು. ಮಳೆಗಾಲದಲ್ಲಿ ಎಲ್ಲೋ ಒಂದು ಗೆಲ್ಲು ತಂತಿಗೆ ಬಿದ್ದರೆ ಸಾಕು. ಪಿಸಿಗೆ ಯುಪಿಎಸ್ ಇದ್ದರೂ ರೂಟರಿಗೆ ಇಲ್ಲದಿದ್ದರೆ ರೇಸ್ ಹೋಯಿತು, ಅದಕ್ಕೆ 12 ವೋಲ್ಟಿನ ಚಿಕ್ಕ ಯುಪಿಎಸ್ ಬೇರೆಯೇ ಸಿಗುತ್ತದೆ. ಏಪ್ರಿಲ್–ಮೇ ಮತ್ತು ಅಕ್ಟೋಬರಿನ ಗುಡುಗಿನ ಸಂಜೆಗಳಲ್ಲಿ ಮಾತ್ರ ರೇಸಿನ ಯೋಚನೆ ಬಿಟ್ಟು ಎಲ್ಲ ಪ್ಲಗ್ ಕಿತ್ತಿಡಿ. ಫೈಬರಿನಲ್ಲಿ ಸಿಡಿಲು ಬರುವುದಿಲ್ಲ, ಅಡಾಪ್ಟರಿನಲ್ಲಿ ಬರುತ್ತದೆ.

ಸ್ಟಿಯರಿಂಗ್ ಚಕ್ರದ ವಿಷಯಕ್ಕೆ ಬಂದರೆ, ಲಾಜಿಟೆಕ್ ಜಿ29 ಅಥವಾ ಜಿ923 ಶುರುವಿಗೆ ಧಾರಾಳ ಸಾಕು, ಸೆಕೆಂಡ್ ಹ್ಯಾಂಡ್ ಆದರೂ ಅಡ್ಡಿಯಿಲ್ಲ. ಕೊಳ್ಳುವಾಗ ಪೆಡಲನ್ನು ಮೆಲ್ಲಗೆ ಒತ್ತುತ್ತಾ ಪರದೆಯ ಮೇಲಿನ ಪಟ್ಟಿ ನೋಡಿ. ಒಳಗಿರುವುದು ಪೊಟೆನ್ಶಿಯೊಮೀಟರ್ (ಪೆಡಲ್ ಎಷ್ಟು ಒತ್ತಿದೆ ಎಂದು ಅಳೆಯುವ ಭಾಗ), ನಮ್ಮ ಉಪ್ಪು ಗಾಳಿಗೆ, ತೇವಕ್ಕೆ, ದೂಳಿಗೆ ಅದು ಬೇಗ ಕೊಳೆಯಾಗಿ ಪಟ್ಟಿ ಜಿಗಿಯಲು ಶುರುಮಾಡುತ್ತದೆ, ಬ್ರೇಕ್ ಮುಟ್ಟದೆಯೇ ಬ್ರೇಕ್ ಬೀಳುತ್ತದೆ. ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಹೊಡೆದರೆ ಸರಿಯಾಗುತ್ತದೆ. ಹಣ ಇದ್ದವರು ಮೋಜಾ ಆರ್5, ಫನಾಟೆಕ್ ಸಿಎಸ್‌ಎಲ್ ಡಿಡಿಯಂಥ ಡೈರೆಕ್ಟ್ ಡ್ರೈವ್ (ಮೋಟಾರಿಗೇ ನೇರ ಜೋಡಿಸಿದ ಚಕ್ರ) ನೋಡಲಿ. ಆದರೆ ಮೊದಲು ಒತ್ತಿದ ಬಲವನ್ನು ಅಳೆಯುವ ಲೋಡ್‌ಸೆಲ್ ಬ್ರೇಕ್ ಪೆಡಲ್ ಹಾಕಿಸಿ, ಆಮೇಲೆ ಚಕ್ರ ಬದಲಿಸಿ. ಆನ್‌ಲೈನ್‌ನಲ್ಲಿ ನಿಮ್ಮ ಹಿಂದಿನವನಿಗೆ ಬೇಕಾದ್ದು ನೀವು ಪ್ರತಿ ಲ್ಯಾಪಿನಲ್ಲೂ ಒಂದೇ ಜಾಗದಲ್ಲಿ ಒಂದೇ ರೀತಿ ಬ್ರೇಕ್ ಹಾಕುವುದು, ಅದು ಬರುವುದು ಪೆಡಲಿನಿಂದ. ಚಕ್ರವಿರುವ ಆಫೀಸು ಕುರ್ಚಿಯಾದರೆ ಗಟ್ಟಿ ಬ್ರೇಕಿಗೆ ಹಿಂದಕ್ಕೆ ಜಾರುತ್ತದೆ. ಅದರ ಚಕ್ರಗಳನ್ನು ಹಳೆಯ ಶೂಗಳೊಳಗೆ ಇಟ್ಟುಬಿಡಿ.

ಯಾವ ಸಿಮ್ ಆರಿಸಿದರೂ ಮೊದಲ ಕೆಲವು ರೇಸುಗಳಲ್ಲಿ ಕ್ವಾಲಿಫೈ ಮಾಡದೆ (ಸ್ಟಾರ್ಟಿನ ಸ್ಥಾನಕ್ಕಾಗಿ ಸಮಯ ಹಾಕದೆ) ಕೊನೆಯಿಂದ, ಅವಕಾಶ ಇದ್ದಲ್ಲಿ ಪಿಟ್‌ನಿಂದಲೇ ಹೊರಡಿ. ಮೊದಲ ತಿರುವಿನ ಗಲಾಟೆ ಕಣ್ಣೆದುರೇ ಮುಗಿದಿರುತ್ತದೆ, ನಡುವಿನಿಂದ ದಾಟಿ ಹೋದರೆ ಏನೂ ಮಾಡದೆಯೇ ಐದಾರು ಸ್ಥಾನ ಮೇಲೆ ಬಂದಿರುತ್ತೀರಿ, ಸುರಕ್ಷತೆಯ ಅಂಕವೂ ಬೇಗ ಏರಿ ಮುಂದಿನ ಲೈಸೆನ್ಸಿನ ರೇಸುಗಳು ತೆರೆದುಕೊಳ್ಳುತ್ತವೆ.